ಎತ್ತಿನ ನಡಿಗೆಯೂ ಅದರ ಕೀಲುಗಳ ಕೆಲಸವೂ

ಯಮಕನಮರಡಿಯ ಸೀಮೆಯ ಒಕ್ಕಲಿಗನು ಎತ್ತು ಕೊಳ್ಳಲು ಹೋದಾಗ ಮೊದಲು ಬಾಯಿ ತೆರೆಯಿಸಿ ಹಲ್ಲನ್ನು ನೋಡುವನು. ಅನಂತರ ಕೋಡು, ಬಣ್ಣ, ಮೈಮೇಲಿನ ಸುಳಿ ಇವುಗಳನ್ನು ನೋಡುವನು. ಕಡೆಗೆ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರವನ್ನು ಮುಗಿಸುವನು. ಹಲ್ಲಿನಿಂದ ವಯಸ್ಸು ತಿಳಿಯುವುದು ನಿಜ. ಆದರೆ ಎತ್ತು ದುಡಿಯುವುದು ಹಲ್ಲಿನಿಂದಲ್ಲ, ಸುಳಿಯಿಂದಲೂ ಅಲ್ಲ, ಕಾಲಿನಿಂದ. ಕಾಲಿನ ಗುಣವು ನಿಂತ ಎತ್ತಿನಲ್ಲಿ ಕಾಣುವುದಿಲ್ಲ. ನಡೆಯುವ ಎತ್ತಿನಲ್ಲಿ ಮಾತ್ರವೇ ಕಾಣುತ್ತದೆ. ಕೊಂಡ ಎಂಟು ದಿನಗಳಲ್ಲಿಯೇ ಎತ್ತು ಕುಂಟಿತೆಂದು ಹಲುಬುವವರಲ್ಲಿ ಅನೇಕರು ಅದನ್ನು ಪೇಟೆಯಲ್ಲಿ ಇಪ್ಪತ್ತು ಹೆಜ್ಜೆ ಕೂಡ ನಡೆಸಿ ನೋಡಿರುವುದಿಲ್ಲ.

ಹುಕ್ಕೇರಿ ತಾಲೂಕಿನ ಈ ಭಾಗದಲ್ಲಿ ನೆಲವು ಒಂದೇ ತೆರನಾದುದಲ್ಲ. ಗುಡ್ಡದ ಓರೆಯಲ್ಲಿ ಕೆಂಪು ಕಲ್ಲುನೆಲ, ತಗ್ಗಿನಲ್ಲಿ ಜಿಗುಟಾದ ಎರೆ, ನಡುವೆ ಪುಣೆ–ಬೆಂಗಳೂರು ಹೆದ್ದಾರಿಯ ಗಟ್ಟಿ ಡಾಂಬರು. ಒಂದೇ ಎತ್ತು ಒಂದೇ ದಿನದಲ್ಲಿ ಈ ಮೂರನ್ನೂ ತುಳಿಯಬೇಕಾಗುತ್ತದೆ. ಟ್ರ್ಯಾಕ್ಟರುಗಳು ಬಂದ ಮೇಲೆ ಎತ್ತುಗಳ ಸಂಖ್ಯೆ ಇಳಿದಿದೆಯಾದರೂ, ಸಾಲುಗಳ ನಡುವೆ ಎಡೆ ಹೊಡೆಯುವುದಕ್ಕೂ, ಚಿಕ್ಕ ತುಂಡು ಹೊಲಗಳಲ್ಲಿ ಕೂರಿಗೆ ಹೂಡುವುದಕ್ಕೂ, ಕಬ್ಬಿನ ಬಂಡಿ ಎಳೆಯುವುದಕ್ಕೂ ಅವು ಇನ್ನೂ ಬೇಕಾಗಿವೆ. ಜೋಡಿಯಲ್ಲಿ ಒಂದು ಕುಂಟಿದರೆ ಮತ್ತೊಂದೂ ಕೊಟ್ಟಿಗೆಯಲ್ಲಿ ನಿಲ್ಲುವುದು; ಬಿತ್ತಿಗೆಯ ಹದವು ಯಾರಿಗಾಗಿಯೂ ಕಾಯುವುದಿಲ್ಲ. ಆದಕಾರಣ ನಡಿಗೆಯಲ್ಲಿ ಕೀಲುಗಳು ಹೇಗೆ ಆಡುತ್ತವೆ, ಅವುಗಳ ಆಟ ಕೆಟ್ಟಾಗ ಯಾವ ಗುರುತುಗಳು ತೋರುತ್ತವೆ ಎಂಬುದನ್ನು ಭೂಮಾಲಿಕರೂ ಗ್ರಾಮದ ಮುಖ್ಯಸ್ಥರೂ ತಿಳಿದಿರತಕ್ಕದ್ದು.

1. ಕೀಲೆಂದರೇನು

ಎರಡು ಎಲುಬುಗಳು ಕೂಡುವ ಸ್ಥಳಕ್ಕೆ ಕೀಲು ಅಥವಾ ಸಂಧಿ ಎಂದು ಹೆಸರು. ಕಾಲಿನ ಕೀಲುಗಳಲ್ಲಿ ಎಲುಬಿನ ತುದಿಗಳು ಒಂದನ್ನೊಂದು ನೇರವಾಗಿ ಉಜ್ಜುವುದಿಲ್ಲ. ಪ್ರತಿಯೊಂದು ತುದಿಗೂ ಮೃದ್ವಸ್ಥಿಯ ನುಣುಪಾದ ಹೊದಿಕೆಯಿದೆ. ಸುತ್ತಲೂ ಒಂದು ಚೀಲವಿದ್ದು, ಅದರೊಳಗೆ ತತ್ತಿಯ ಬಿಳಿಯಂಥ ಲೋಳೆರಸವಿರುತ್ತದೆ. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹೇಗೋ ಎಲುಬಿನ ಸಂಧಿಗೆ ಈ ರಸವು ಹಾಗೆ. ಎಲುಬುಗಳು ಸ್ಥಾನ ತಪ್ಪದಂತೆ ಬಿಗಿಹಿಡಿಯುವುದಕ್ಕೆ ನಾರಿನ ಗಟ್ಟಿ ಹುರಿಗಳಿವೆ; ಎಲುಬನ್ನು ಎಳೆದು ಆಡಿಸುವುದಕ್ಕೆ ಮಾಂಸಖಂಡಗಳಿವೆ.

ಅಚ್ಚಿಗೂ ಕೀಲಿಗೂ ಒಂದು ಭೇದವುಂಟು. ಅಚ್ಚು ಸವೆದರೆ ಬದಲಾಯಿಸಬಹುದು. ಮೃದ್ವಸ್ಥಿಯು ಸವೆದರೆ ಮೊದಲಿನಂತೆ ಬೆಳೆಯುವುದಿಲ್ಲ. ಅದರಲ್ಲಿ ರಕ್ತನಾಳಗಳಿಲ್ಲ, ಸುತ್ತಲಿನ ಲೋಳೆರಸದಿಂದಲೇ ಅದಕ್ಕೆ ಆಹಾರ. ಕಾಲಿನ ಮೇಲೆ ಭಾರ ಬಿದ್ದಾಗ ಮೃದ್ವಸ್ಥಿಯು ಸ್ಪಂಜಿನಂತೆ ಒತ್ತಲ್ಪಟ್ಟು ರಸವನ್ನು ಬಿಡುತ್ತದೆ. ಭಾರ ತೆಗೆದಾಗ ಹೊಸ ರಸವನ್ನು ಹೀರುತ್ತದೆ. ಆದುದರಿಂದ ಮಿತವಾದ ನಡಿಗೆಯೇ ಕೀಲಿಗೆ ಮೇವು. ತಿಂಗಳುಗಟ್ಟಲೆ ಗೂಟಕ್ಕೆ ಕಟ್ಟಿದ ಎತ್ತಿನ ಕೀಲುಗಳು ಬಿಗಿಯುತ್ತವೆ. ಅಳತೆ ಮೀರಿ ದುಡಿದ ಎತ್ತಿನ ಕೀಲುಗಳು ಸವೆಯುತ್ತವೆ.

2. ಮೊದಲು ತನ್ನ ನಡಿಗೆಯನ್ನು ನೋಡಿಕೊಳ್ಳುವುದು

ಎತ್ತಿನ ನಡಿಗೆಯನ್ನು ತಿಳಿಯಲು ಮನುಷ್ಯನ ನಡಿಗೆಯೇ ಮೊದಲ ಪಾಠ. ಮನುಷ್ಯನು ಸಾಧಾರಣವಾಗಿ ನಡೆಯುವಾಗ ಒಂದೊಂದು ಕಾಲೂ ತನ್ನ ಸುತ್ತಿನ ನೂರರಲ್ಲಿ ಸುಮಾರು 60 ಪಾಲು ಕಾಲ ನೆಲದ ಮೇಲಿದ್ದು, 40 ಪಾಲು ಕಾಲ ಗಾಳಿಯಲ್ಲಿ ಮುಂದಕ್ಕೆ ತೂಗುತ್ತದೆ. ಹಿಮ್ಮಡಿಯು ನೆಲವನ್ನು ಮುಟ್ಟಿದೊಡನೆ ಮೊಣಕಾಲು 15ರಿಂದ 20 ಡಿಗ್ರಿಯಷ್ಟು ಬಾಗಿ ಪೆಟ್ಟನ್ನು ತಾಳಿಕೊಳ್ಳುತ್ತದೆ. ಅನಂತರ ನೆಟ್ಟಗಾಗಿ ಮೈಭಾರವನ್ನು ಹೊರುತ್ತದೆ. ಕಾಲನ್ನು ಮುಂದಕ್ಕೆ ತರುವಾಗ ಸುಮಾರು 60 ಡಿಗ್ರಿಯಷ್ಟು ಮಡಿಯುತ್ತದೆ. ಹಾಗೆ ಮಡಿಯದಿದ್ದರೆ ಬೆರಳು ನೆಲಕ್ಕೆ ತಾಗಿ ಮನುಷ್ಯನು ಎಡವಿ ಬೀಳುವನು. ಸೊಂಟದ ಕೀಲು ತೊಡೆಯನ್ನು ಹಿಂದುಮುಂದಾಗಿ ತೂಗುತ್ತದೆ. ಹರಡಿನ ಕೀಲು ಕಡೆಯಲ್ಲಿ ನೆಲವನ್ನು ಒದ್ದು ದೇಹವನ್ನು ಮುಂದಕ್ಕೆ ನೂಕುತ್ತದೆ.

ಅಂಗಾಲಿಗೆ ಮುಳ್ಳು ನಟ್ಟವನು ಆ ಕಾಲನ್ನು ಬೇಗನೆ ಎತ್ತಿ ಗಟ್ಟಿಯಾದ ಕಾಲಿನ ಮೇಲೆ ಹೆಚ್ಚು ಹೊತ್ತು ನಿಲ್ಲುವನು. ಮುಳ್ಳು ಪಾದದಲ್ಲಿದ್ದರೂ ಮೊಣಕಾಲಿನ ಆಟ, ಸೊಂಟದ ಆಟ, ಹೆಗಲಿನ ತೂಗು ಎಲ್ಲವೂ ಬದಲಾಗುವುವು. ಒಂದು ಕೀಲಿನ ನೋವು ಇಡೀ ಮೈಯ ನಡಿಗೆಯನ್ನು ಬದಲಿಸುತ್ತದೆ ಎಂಬ ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಎತ್ತಿನ ಕುಂಟನ್ನು ಗುರುತಿಸುವುದು ಸುಲಭವಾಗುವುದು.

3. ಎತ್ತಿನ ಕಾಲಿನ ರಚನೆ

ಎತ್ತಿನ ಮುಂಗಾಲಿನಲ್ಲಿ ಜನರು ಮಂಡಿ ಎಂದು ಕರೆಯುವ ಕೀಲು ನಿಜವಾಗಿ ಮನುಷ್ಯನ ಮಣಿಕಟ್ಟಿಗೆ ಸಮವಾದುದು. ಅದರ ಮೇಲೆ ಎದೆಯ ಮಗ್ಗುಲಿಗೆ ಅಂಟಿದಂತಿರುವುದೇ ಮೊಣಕೈ. ಹಾಗೆಯೇ ಹಿಂಗಾಲಿನ ನಡುವೆ ಹಿಂದಕ್ಕೆ ಚೂಪಾಗಿ ಚಾಚಿದ ಕೀಲು ಮೊಣಕಾಲಲ್ಲ, ಅದು ಹಿಮ್ಮಡಿ. ನಿಜವಾದ ಮೊಣಕಾಲು ಹೊಟ್ಟೆಯ ಕೆಳಗೆ, ತೊಡೆಯ ಮುಂಭಾಗದಲ್ಲಿದೆ. ಎತ್ತು ನಿಲ್ಲುವುದು ಅಂಗಾಲಿನ ಮೇಲಲ್ಲ, ಪ್ರತಿ ಕಾಲಿನ ಎರಡು ಬೆರಳುಗಳ ತುದಿಯ ಮೇಲೆ. ಆ ಬೆರಳುಗಳ ಉಗುರುಗಳೇ ಗೊರಸಿನ ಎರಡು ಹೋಳುಗಳು. ಹಿಂದೆ ಮೇಲ್ಗಡೆ ನೆಲಕ್ಕೆ ತಾಗದೆ ಇರುವ ಎರಡು ಚಿಕ್ಕ ಗೊರಸುಗಳು ಉಳಿದೆರಡು ಬೆರಳುಗಳ ಗುರುತುಗಳು.

ಮುಂಗಾಲಿಗೂ ಮೈಗೂ ನಡುವೆ ಎಲುಬಿನ ಕೀಲಿಲ್ಲ. ಎತ್ತಿಗೆ ಕೊರಳೆಲುಬಿಲ್ಲವಾದ್ದರಿಂದ ಎದೆಯು ಎರಡು ಹೆಗಲ ಹಲಗೆಗಳ ನಡುವೆ ಮಾಂಸಖಂಡಗಳ ತೊಟ್ಟಿಲಿನಲ್ಲಿ ತೂಗಿದಂತಿದೆ. ಮೈಭಾರದ ನೂರರಲ್ಲಿ ಸುಮಾರು 55ರಿಂದ 60 ಪಾಲು ಮುಂಗಾಲುಗಳ ಮೇಲೆ ಬೀಳುವುದರಿಂದ ಈ ತೊಟ್ಟಿಲೇ ಪೆಟ್ಟನ್ನು ತಾಳುವ ಸಾಧನ. ಹಿಂಗಾಲಿನ ವ್ಯವಸ್ಥೆ ಬೇರೆ. ಅಲ್ಲಿ ತೊಡೆಯೆಲುಬಿನ ಗುಂಡು ತಲೆಯು ಚಪ್ಪೆಯ ಎಲುಬಿನ ಕುಳಿಯಲ್ಲಿ ಕೂತಿದೆ. ಆದುದರಿಂದ ಹಿಂಗಾಲಿನ ಒದೆತವು ಬೆನ್ನೆಲುಬಿಗೆ ನೇರವಾಗಿ ಮುಟ್ಟುತ್ತದೆ. ಸಂಕ್ಷೇಪವಾಗಿ ಹೇಳುವುದಾದರೆ, ಮುಂಗಾಲು ಹೊರುವ ಕಾಲು, ಹಿಂಗಾಲು ನೂಕುವ ಕಾಲು. ಹಿಂಗಾಲಿನ ಮೊಣಕಾಲೂ ಹಿಮ್ಮಡಿಯೂ ಬಹುಮಟ್ಟಿಗೆ ಕೂಡಿಯೇ ಮಡಿದು ಕೂಡಿಯೇ ನೀಳವಾಗುತ್ತವೆ. ಒಂದು ಕೆಟ್ಟರೆ ಮತ್ತೊಂದರ ಆಟವೂ ನಿಲ್ಲುತ್ತದೆ.

4. ನಾಲ್ಕು ಕಾಲುಗಳ ಕ್ರಮ

ಓಡುವ ಪ್ರಾಣಿಯ ಕಾಲುಗಳನ್ನು ಕಣ್ಣಿನಿಂದ ಹಿಂಬಾಲಿಸುವುದು ಕಷ್ಟ. ಮಾಯ್ಬ್ರಿಜ್ ಎಂಬ ಛಾಯಾಚಿತ್ರಕಾರನು 1878ರಲ್ಲಿ ಅಮೇರಿಕೆಯಲ್ಲಿ ಸಾಲಾಗಿ ಕ್ಯಾಮರಾಗಳನ್ನಿಟ್ಟು ಓಡುವ ಕುದುರೆಯ ಒಂದೊಂದು ಭಂಗಿಯನ್ನೂ ಹಿಡಿದನು. 1887ರಲ್ಲಿ ಅವನು ಪ್ರಕಟಿಸಿದ ಚಿತ್ರಸಂಪುಟದಲ್ಲಿ ಎತ್ತಿನ ನಡಿಗೆಯೂ ಸೇರಿದೆ. ಸಾವಕಾಶವಾಗಿ ನಡೆಯುವ ಎತ್ತನ್ನಾದರೋ ಬರಿಗಣ್ಣಿನಿಂದಲೇ ನೋಡಿ ತಿಳಿಯಬಹುದು.

ಕ್ರಮವು ಹೀಗಿದೆ: ಮೊದಲು ಎಡ ಹಿಂಗಾಲು, ಆಮೇಲೆ ಎಡ ಮುಂಗಾಲು, ಆಮೇಲೆ ಬಲ ಹಿಂಗಾಲು, ಕಡೆಗೆ ಬಲ ಮುಂಗಾಲು. ನಡಿಗೆಯಲ್ಲಿ ಯಾವಾಗಲೂ ಎರಡು ಅಥವಾ ಮೂರು ಕಾಲುಗಳು ನೆಲದ ಮೇಲಿರುತ್ತವೆ. ಆರೋಗ್ಯವಾದ ಎತ್ತಿನ ಹಿಂಗೊರಸು ಅದೇ ಬದಿಯ ಮುಂಗೊರಸು ಬಿಟ್ಟ ಗುರುತಿನಲ್ಲಿ ಇಲ್ಲವೆ ಅದರ ಸಮೀಪದಲ್ಲಿ ಬೀಳುತ್ತದೆ. ಹಸಿ ಮಣ್ಣಿನಲ್ಲಿ ಎತ್ತನ್ನು ನಡೆಸಿ ಹೆಜ್ಜೆಯ ಗುರುತುಗಳನ್ನು ನೋಡಿದರೆ ಇದು ತಿಳಿಯುವುದು. ಒಂದು ಬದಿಯಲ್ಲಿ ಹಿಂಗೊರಸು ಬಹಳ ಹಿಂದೆ ಬಿದ್ದಿದ್ದರೆ ಆ ಕಾಲಿನ ಯಾವುದೋ ಒಂದು ಕೀಲು ಪೂರ್ತಿಯಾಗಿ ಆಡುತ್ತಿಲ್ಲವೆಂದು ಸಂಶಯಿಸಬೇಕು.

ಕಿವಿಯಿಂದಲೂ ಪರೀಕ್ಷೆ ಮಾಡಬಹುದು. ಲಾಳ ಕಟ್ಟಿದ ಎತ್ತು ಹೆದ್ದಾರಿಯ ಡಾಂಬರಿನ ಮೇಲೆ ನಡೆಯುವಾಗ ನಾಲ್ಕು ಸಪ್ಪಳಗಳು ಸಮವಾಗಿ ಕೇಳಬೇಕು. ಒಂದು ಸಪ್ಪಳವು ಮೆತ್ತಗಾಗಿ, ಅದರ ಮುಂದಿನದು ಅವಸರದಿಂದ ಬಿದ್ದರೆ, ಎತ್ತು ಒಂದು ಕಾಲನ್ನು ಉಳಿಸಿ ನಡೆಯುತ್ತಿದೆಯೆಂದು ಅರ್ಥ.

ತಳಿಯ ಗುಣವನ್ನೂ ಗಮನಿಸತಕ್ಕದ್ದು. ಖಿಲ್ಲಾರಿಯು ಬಿಗಿಮೈಯದು, ಚುರುಕು ಹೆಜ್ಜೆಯದು. ಕೃಷ್ಣಾ ತೀರದ ಎರೆಯ ನೆಲಕ್ಕಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬೆಳೆಸಿದ ಕೃಷ್ಣಾ ಕಣಿವೆಯ ತಳಿಯು ದೊಡ್ಡ ಮೈಯದು, ನಿಧಾನವಾದರೂ ಆಳವಾದ ಎಳೆತದ್ದು. ಅದು ಈಗ ಬಹಳ ವಿರಳವಾಗಿದೆ. ನಿಧಾನ ನಡಿಗೆಯೇ ದೋಷವಲ್ಲ. ಎಡಬಲಗಳು ಸಮವಾಗಿಲ್ಲದ ನಡಿಗೆಯೇ ದೋಷವು. ಚುರುಕಾದ ಎತ್ತನ್ನೂ ನಿಧಾನವಾದ ಎತ್ತನ್ನೂ ಒಂದೇ ನೊಗಕ್ಕೆ ಹೂಡಿದರೆ ಎರಡರ ಹೆಜ್ಜೆಯೂ ಕೆಡುವುದು.

5. ನೊಗ ಹೊತ್ತಾಗ ಕೀಲುಗಳ ಮೇಲೆ ಬೀಳುವ ಭಾರ

ಎತ್ತು ಬಹಳ ಹೊತ್ತು ದಣಿಯದೆ ಎಳೆಯಬಲ್ಲ ಬಲವು ಅದರ ಮೈತೂಕದ ಸುಮಾರು ಹತ್ತನೆಯ ಒಂದು ಪಾಲು. 400 ಕಿಲೋಗ್ರಾಮಿನ ಎತ್ತಿಗೆ ಇದು ಸುಮಾರು 40 ಕಿಲೋಗ್ರಾಂ, ಜೋಡಿಗೆ 80. ಸಮನಾದ ಗಟ್ಟಿ ದಾರಿಯಲ್ಲಿ ಟಯರಿನ ಬಂಡಿಯು ಇಷ್ಟರಲ್ಲಿ ಹಗುರವಾಗಿ ಉರುಳುತ್ತದೆ. ದಾರಿಯು ಇಪ್ಪತ್ತು ಅಡಿಗೆ ಒಂದು ಅಡಿ ಏರಿದರೆ 1000 ಕಿಲೋಗ್ರಾಮಿನ ಬಂಡಿಗೆ 50 ಕಿಲೋಗ್ರಾಮಿನ ಎಳೆತವು ಹೆಚ್ಚಾಗಿ ಬೇಕಾಗುವುದು. ಬಂಡಿಯ ತೂಕ ಇಮ್ಮಡಿಯಾದರೆ ಈ ಏರಿನ ಎಳೆತವೂ ಇಮ್ಮಡಿಯಾಗಿ 100 ಕಿಲೋಗ್ರಾಂ ಆಗುವುದು. ಇಷ್ಟೇ ಜೋಡಿಯ ಬಲವನ್ನು ಮೀರಿತು. ಆಗ ಎತ್ತು ಹಿಂಗೊರಸಿನ ತುದಿಯನ್ನು ನೆಲಕ್ಕೆ ಊರಿ, ಹಿಮ್ಮಡಿಯನ್ನೂ ಮೊಣಕಾಲನ್ನೂ ಬಲವಂತದಿಂದ ನೀಳಮಾಡಿ ನೂಕುತ್ತದೆ. ಹಿಮ್ಮಡಿಯ ಕೀಲು ಸವೆಯುವುದೂ ಉಬ್ಬುವುದೂ ಇಂಥ ದುಡಿತದಿಂದಲೇ.

ಇಳಿಜಾರಿನಲ್ಲಿ ಇದರ ವಿರುದ್ಧವಾದ ಸ್ಥಿತಿ. ಬಂಡಿಯೇ ಎತ್ತನ್ನು ಹಿಂದಿನಿಂದ ನೂಕುತ್ತದೆ. ತಡೆಯುವ ಭಾರವೆಲ್ಲ ಮುಂಗಾಲಿನ ಹೆಗಲಿಗೂ ಗೊರಸಿಗೂ ಬೀಳುತ್ತದೆ. ಬಂಡಿಗೆ ತಡೆ ಇಲ್ಲದೆ ಕಬ್ಬಿನ ಹೊರೆಯನ್ನು ಇಳಿಜಾರಿನಲ್ಲಿ ಬಿಡುವುದು ಮುಂಗಾಲುಗಳನ್ನು ಕೈಯಾರೆ ಕೆಡಿಸಿದಂತೆ. ಎರೆಯ ಕೆಸರಿನಲ್ಲಿ ಗೊರಸು ಹೂತು, ಕಿತ್ತು ತೆಗೆಯುವಾಗ ಪ್ರತಿಯೊಂದು ಕೀಲೂ ಅಳತೆ ಮೀರಿ ಮಡಿಯಬೇಕಾಗುತ್ತದೆ. ಏರುದಾರಿಯಲ್ಲಿಯೂ ಕೆಸರಿನಲ್ಲಿಯೂ ಹೊರೆಯನ್ನು ಅರ್ಧಕ್ಕೆ ಇಳಿಸುವುದೇ ಲಾಭಕರ. ಎರಡು ಸಲ ಹೋಗಿಬರುವ ಶ್ರಮವು ಹೊಸ ಎತ್ತು ಕೊಳ್ಳುವ ಹಣಕ್ಕಿಂತ ಅಗ್ಗವಾದುದು. ಎಳೆಯುವ ಪ್ರಾಣಿಗಳ ವಿಷಯದಲ್ಲಿ 1965ರಲ್ಲಿ ಮಾಡಿದ ನಿಯಮಗಳ ಮೇರೆಗೆ ದಿನಕ್ಕೆ ಒಟ್ಟು 9 ಗಂಟೆಗಳಿಗಿಂತಲೂ, ಬಿಡುವಿಲ್ಲದೆ 5 ಗಂಟೆಗಳಿಗಿಂತಲೂ ಹೆಚ್ಚು ದುಡಿಸಕೂಡದು. ಸೆಕೆಯು 37 ಡಿಗ್ರಿಯನ್ನು ಮೀರುವ ಸ್ಥಳಗಳಲ್ಲಿ ಮಧ್ಯಾಹ್ನ 12ರಿಂದ 3ರ ವರೆಗೆ ಹೂಡಕೂಡದು.

6. ಕುಂಟಿನ ಗುರುತುಗಳು

ಎತ್ತು ಮೂರು ಕಾಲಿನಲ್ಲಿ ನೆಗೆಯುತ್ತ ಬಂದಾಗ ಕುಂಟನ್ನು ಎಲ್ಲರೂ ಕಾಣುವರು. ಅದಕ್ಕೆ ಎಂಟು ಹತ್ತು ದಿನ ಮೊದಲೇ ಕಾಣುವವನು ಜಾಣನು. ಅದಕ್ಕಾಗಿ ನೋಡತಕ್ಕವು ಮೂರು.

ಮೊದಲನೆಯದು ತಲೆ. ಮುಂಗಾಲಿನಲ್ಲಿ ನೋವಿದ್ದರೆ ಆ ಕಾಲು ನೆಲವನ್ನು ಮುಟ್ಟಿದಾಗ ಎತ್ತು ತಲೆಯನ್ನು ಮೇಲಕ್ಕೆತ್ತಿ ಭಾರವನ್ನು ತಪ್ಪಿಸುತ್ತದೆ. ಗಟ್ಟಿಯಾದ ಕಾಲು ಊರಿದಾಗ ತಲೆಯು ಇಳಿಯುತ್ತದೆ. ತಲೆ ಏಳುವಾಗ ಊರಿದ ಮುಂಗಾಲೇ ನೋವಿನ ಕಾಲು ಎಂದು ನೆನಪಿಡಬೇಕು.

ಎರಡನೆಯದು ಚಪ್ಪೆ. ಎತ್ತಿನ ಹಿಂದೆ ನಿಂತು, ಅದು ದೂರ ಹೋಗುವಾಗ ಎರಡು ಚಪ್ಪೆಗಳ ಏರಿಳಿತವನ್ನು ನೋಡಬೇಕು. ಗಟ್ಟಿ ಎತ್ತಿನಲ್ಲಿ ಅವು ತಕ್ಕಡಿಯ ಪರಡಿಗಳಂತೆ ಸಮವಾಗಿ ಆಡುವುವು. ಹಿಂಗಾಲಿನಲ್ಲಿ ನೋವಿದ್ದರೆ ಆ ಬದಿಯ ಚಪ್ಪೆಯ ಏರಿಳಿತವು ಹೆಚ್ಚಾಗಿ ತೋರುವುದು.

ಮೂರನೆಯದು ಬೆನ್ನು. 1997ರಲ್ಲಿ ಸ್ಪ್ರೆಚರ್ ಎಂಬ ಶಾಸ್ತ್ರಜ್ಞನೂ ಅವನ ಸಂಗಡಿಗರೂ ಹಾಲಿನ ಹಸುಗಳಿಗಾಗಿ ಐದು ಮೆಟ್ಟಿಲುಗಳ ಒಂದು ಕ್ರಮವನ್ನು ಏರ್ಪಡಿಸಿದರು. ಅದು ಎತ್ತಿಗೂ ದಾರಿ ತೋರಬಲ್ಲದು. ನಿಂತಾಗಲೂ ನಡೆವಾಗಲೂ ಬೆನ್ನು ಸಮವಾಗಿದ್ದರೆ ಒಂದನೆಯ ಮೆಟ್ಟಿಲು, ಪ್ರಾಣಿಯು ಆರೋಗ್ಯವಾಗಿದೆ. ನಿಂತಾಗ ಸಮವಾಗಿದ್ದು ನಡೆವಾಗ ಬಿಲ್ಲಿನಂತೆ ಬಾಗಿದರೆ ಎರಡನೆಯದು. ನಿಂತಾಗಲೂ ನಡೆವಾಗಲೂ ಬಾಗಿದ್ದು ಹೆಜ್ಜೆ ಗಿಡ್ಡವಾದರೆ ಮೂರನೆಯದು. ಒಂದು ಕಾಲನ್ನು ಸ್ಪಷ್ಟವಾಗಿ ಉಳಿಸಿ ಎಣಿಸಿದಂತೆ ಹೆಜ್ಜೆಯಿಟ್ಟರೆ ನಾಲ್ಕನೆಯದು. ಕಾಲನ್ನು ಊರಲೊಲ್ಲದಿದ್ದರೆ ಐದನೆಯದು. ಎರಡನೆಯ ಮೆಟ್ಟಿಲಿನಲ್ಲಿಯೇ ನೊಗ ಬಿಚ್ಚಿ ಗೊರಸನ್ನು ಪರೀಕ್ಷಿಸುವವನು ಎತ್ತನ್ನು ಉಳಿಸಿಕೊಳ್ಳುವನು. ನಾಲ್ಕನೆಯದರ ವರೆಗೆ ಕಾಯುವವನು ಅನೇಕ ವೇಳೆ ಕಳೆದುಕೊಳ್ಳುವನು.

ಕುಂಟಿದ ಎತ್ತಿನ ಹೆಗಲನ್ನೂ ಚಪ್ಪೆಯನ್ನೂ ಮೊದಲು ತಡವುವುದು ರೂಢಿ. ಆದರೆ ದನಗಳ ಕುಂಟಿನ ಕಾರಣವು ಬಹುಪಾಲು ಗೊರಸಿನಲ್ಲಿಯೇ ಇರುತ್ತದೆ. ಆದುದರಿಂದ ಪರೀಕ್ಷೆಯು ಕೆಳಗಿನಿಂದ ಮೇಲಕ್ಕೆ ಸಾಗತಕ್ಕದ್ದು: ಮೊದಲು ಗೊರಸಿನ ಸಂದು, ಕಲ್ಲು, ಮೊಳೆ, ಅನಂತರ ಗೊರಸಿನ ಮೇಲಣ ಗಂಟು, ಆಮೇಲೆ ಮಂಡಿ ಅಥವಾ ಹಿಮ್ಮಡಿ, ಕಡೆಗೆ ಹೆಗಲು ಅಥವಾ ಚಪ್ಪೆ. ಎರಡೂ ಕಾಲುಗಳನ್ನು ಮುಟ್ಟಿ ಯಾವುದು ಹೆಚ್ಚು ಬಿಸಿಯಾಗಿದೆಯೆಂದು ಹೋಲಿಸಬೇಕು.

ಎಲ್ಲ ಕುಂಟೂ ಕೀಲಿನದಲ್ಲ. ಬಾಯಿಂದ ಜೊಲ್ಲು ಸುರಿದು ಹಲವು ದನಗಳು ಒಮ್ಮೆಲೇ ಕುಂಟಿದರೆ ಅದು ಕಾಲುಬಾಯಿ ಬೇನೆ. ಮಳೆಗಾಲದಲ್ಲಿ ಎಳೆಯ ಪುಷ್ಟವಾದ ದನವು ಜ್ವರದೊಡನೆ ಕುಂಟಿ, ಚಪ್ಪೆಯಲ್ಲಿ ಒತ್ತಿದರೆ ಚರಚರ ಎನ್ನುವ ಬಾವು ಬಂದರೆ ಅದು ಚಪ್ಪೆಬೇನೆ. ಇವುಗಳಲ್ಲಿ ಒಂದು ದಿನದ ತಡವೂ ಕೂಡದು. ಪಶುವೈದ್ಯರಿಗೆ ಒಡನೆ ತಿಳಿಸತಕ್ಕದ್ದು. ಎರಡಕ್ಕೂ ಮುಂಚಿತವಾಗಿ ಲಸಿಕೆ ಹಾಕಿಸುವುದೇ ಸರಿಯಾದ ಉಪಾಯ.

7. ಮೊಣಕಾಲ ಚಿಪ್ಪು ಸಿಕ್ಕಿಕೊಳ್ಳುವುದು

ದುಡಿಯುವ ಎತ್ತುಗಳಲ್ಲಿ ಪದೇ ಪದೇ ಕಾಣುವ ಒಂದು ಕೀಲಿನ ದೋಷವನ್ನು ಬೇರೆಯಾಗಿ ಹೇಳಬೇಕಾಗಿದೆ. ಎತ್ತು ಎದ್ದು ನಡೆಯಹೊರಟಾಗ ಒಂದು ಹಿಂಗಾಲು ಕೋಲಿನಂತೆ ಸೆಟೆದು ಹಿಂದಕ್ಕೆ ಚಾಚಿಕೊಳ್ಳುತ್ತದೆ. ಗೊರಸಿನ ತುದಿ ನೆಲವನ್ನು ಗೀರುತ್ತದೆ. ಕೆಲವು ಹೆಜ್ಜೆಗಳ ಮೇಲೆ ಕಾಲು ಥಟ್ಟನೆ ಜಗ್ಗಿ ಬಿಡುಗಡೆಯಾಗುತ್ತದೆ. ಅಜ್ಞರು ಇದನ್ನು ಗಾಳಿಯೆಂದೋ ದೃಷ್ಟಿಯೆಂದೋ ತಿಳಿಯುವರು.

ನಿಜವಾದ ಕಾರಣವು ಇದು. ಮೊಣಕಾಲ ಚಿಪ್ಪು ತೊಡೆಯೆಲುಬಿನ ತುದಿಯ ಗಾಡಿಯಲ್ಲಿ ಮೇಲೆ ಕೆಳಗೆ ಜಾರತಕ್ಕದ್ದು. ಅದು ಮೇಲಕ್ಕೆ ಹೋಗಿ ಒಳಬದಿಯ ದಿಂಡಿಗೆ ಕೊಕ್ಕೆಯಂತೆ ಸಿಕ್ಕಿಕೊಂಡಾಗ ಮೊಣಕಾಲು ಮಡಿಯಲಾರದು. ಮೊಣಕಾಲಿನೊಡನೆ ಹಿಮ್ಮಡಿಯೂ ಮಡಿಯಲಾರದು. ಚಿಪ್ಪನ್ನು ಕೆಳಗೆ ಕಟ್ಟಿಹಿಡಿದಿರುವ ಮೂರು ಹುರಿಗಳಲ್ಲಿ ಒಳಬದಿಯ ಒಂದನ್ನು ಪಶುವೈದ್ಯನು ಚಿಕ್ಕ ಶಸ್ತ್ರಕ್ರಿಯೆಯಿಂದ ಕತ್ತರಿಸಿದರೆ ಕಾಲು ಸಾಮಾನ್ಯವಾಗಿ ಕೂಡಲೇ ಸಡಿಲವಾಗುವುದು. ಇಷ್ಟು ಸುಲಭವಾದ ಚಿಕಿತ್ಸೆಯಿರುವಾಗ ಎತ್ತನ್ನು ಅರ್ಧ ಬೆಲೆಗೆ ಮಾರುವುದು ನಷ್ಟವು. ಮೊಣಕಾಲಿನ ಮೇಲೆ ಕಾದ ಕಬ್ಬಿಣದಿಂದ ಬರೆ ಹಾಕುವುದು ಕ್ರೌರ್ಯವು. ಬರೆಯು ಚರ್ಮವನ್ನು ಸುಡುವುದೇ ಹೊರತು ಒಳಗಿನ ಚಿಪ್ಪನ್ನು ಬಿಡಿಸಲಾರದು. ಸುಟ್ಟ ಗಾಯವು ಕೀತು ಹೊಸ ಬೇನೆಯನ್ನೇ ತರುವುದು.

8. ಪೇಟೆಯಲ್ಲಿ ಪರೀಕ್ಷಿಸುವ ಕ್ರಮ

ಚಿಂಚಲಿಯ ಮಾಯಕ್ಕನ ಜಾತ್ರೆಯಲ್ಲಿಯೇ ಆಗಲಿ, ವಾರದ ಪೇಟೆಯಲ್ಲಿಯೇ ಆಗಲಿ, ಎತ್ತನ್ನು ಕೊಳ್ಳುವವನು ಈ ಕ್ರಮವನ್ನು ಅನುಸರಿಸತಕ್ಕದ್ದು.

(ಅ) ಸಾಧ್ಯವಾದರೆ ಬೆಳಗಿನಲ್ಲಿ, ಮಲಗಿದ ಎತ್ತು ಏಳುವಾಗಲೇ ಹೋಗಿ ನೋಡುವುದು. ಎತ್ತು ಮೊದಲು ಹಿಂಭಾಗವನ್ನೆತ್ತಿ, ಮುಂಗಾಲ ಮಂಡಿಗಳನ್ನೂರಿ, ಆಮೇಲೆ ಮುಂಭಾಗವನ್ನೆತ್ತುತ್ತದೆ. ತಡವರಿಸಿ ಏಳುವ ಎತ್ತಿನಲ್ಲಿ ಕೀಲುನೋವನ್ನು ಸಂಶಯಿಸಬೇಕು. ಕೆಲವು ಕೀಲುಗಳ ಬಿಗಿತವು ಸ್ವಲ್ಪ ನಡೆದ ಮೇಲೆ ಮರೆಯಾಗುವುದರಿಂದ ಮಾರುವವನು ಮೊದಲೇ ನಡೆಸಿ ತಂದ ಎತ್ತು ಪೂರ್ತಿ ಸತ್ಯವನ್ನು ಹೇಳುವುದಿಲ್ಲ.

(ಆ) ಹಗ್ಗವನ್ನು ಸಡಿಲಬಿಟ್ಟು ನಡೆಸುವುದು. ಮೂಗುದಾರವನ್ನು ಬಿಗಿಹಿಡಿದರೆ ತಲೆಯ ಆಟವು ಅಡಗುವುದು.

(ಇ) ಮುಂದಿನಿಂದ, ಹಿಂದಿನಿಂದ, ಮಗ್ಗುಲಿನಿಂದ ಇಪ್ಪತ್ತಿಪ್ಪತ್ತು ಹೆಜ್ಜೆ ನೋಡುವುದು; ಎಡಕ್ಕೂ ಬಲಕ್ಕೂ ಚಿಕ್ಕ ಸುತ್ತು ತಿರುಗಿಸುವುದು; ನಾಲ್ಕು ಹೆಜ್ಜೆ ಹಿಂದಕ್ಕೆ ನಡೆಸುವುದು.

(ಈ) ಗಟ್ಟಿ ನೆಲದಲ್ಲಿಯೂ ಮೆತ್ತನೆಯ ನೆಲದಲ್ಲಿಯೂ ನಡೆಸುವುದು. ಗೊರಸಿನ ನೋವು ಗಟ್ಟಿ ನೆಲದಲ್ಲಿ ಹೆಚ್ಚಾಗಿ ತೋರುವುದು. ಮೇಲಣ ಕೀಲು ಮತ್ತು ಮಾಂಸಖಂಡದ ನೋವು ಮೆತ್ತನೆಯ ನೆಲದಲ್ಲಿ ತೋರುವುದು.

9. ಮನೆಯಲ್ಲಿ ಕಾಪಾಡುವ ಬಗೆ

ಗೊರಸು ಉದ್ದವಾಗಿ ಬೆಳೆದರೆ ಬೆರಳಿನ ಕೀಲುಗಳು ಹಿಂದಕ್ಕೆ ಬಾಗಿ ಅವುಗಳ ಹುರಿಗಳು ಸೆಳೆಯಲ್ಪಡುವುವು. ಆದುದರಿಂದ ಅದನ್ನು ಕಾಲಕಾಲಕ್ಕೆ ಕೊರೆಯಿಸಬೇಕು. ಡಾಂಬರಿನ ಮೇಲೆ ದುಡಿಯುವ ಎತ್ತಿಗೆ ಒಂದೊಂದು ಕಾಲಿಗೆ ಎರಡರಂತೆ ಎಂಟು ಲಾಳಗಳು ಬೇಕು. ಒಂದು ಬಿದ್ದುಹೋದರೆ ಉಳಿದ ಏಳರ ಮೇಲೆ ನಡೆಸಕೂಡದು. ಗೊರಸಿನ ಎರಡು ಹೋಳುಗಳ ಎತ್ತರವು ಹೆಚ್ಚುಕಡಿಮೆಯಾದರೆ ಮೇಲಣ ಕೀಲು ಓರೆಯಾಗಿ ತಿರುಚುವುದು. ಕೊಟ್ಟಿಗೆಯಲ್ಲಿ ಬರಿಯ ಕಲ್ಲುಹಾಸಿದ್ದರೆ ಏಳುವಾಗ ಮಲಗುವಾಗ ಮಂಡಿಗೆ ಪೆಟ್ಟಾಗಿ ನೀರುಬಾವು ಬರುವುದು. ಒಣಹುಲ್ಲನ್ನಾಗಲಿ ರವದಿಯನ್ನಾಗಲಿ ಹಾಸಬೇಕು. ಬೇಸಗೆಯಲ್ಲಿ ಕೆಲಸವಿಲ್ಲದಾಗಲೂ ದಿನಕ್ಕೊಂದು ಸಲ ನಡೆಸಬೇಕು. ಬಹುದಿನ ನಿಂತ ಎತ್ತನ್ನು ಮೊದಲ ಮಳೆಯ ದಿನವೇ ಇಡೀ ಹೊತ್ತು ಹೂಡದೆ, ಅರ್ಧ ಹೊತ್ತಿನಿಂದ ಆರಂಭಿಸಬೇಕು.

ಕಾರ ಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ ಮೆರೆಸುವುದು ನಾಡಿನ ಒಳ್ಳೆಯ ಪದ್ಧತಿ. ಅಂದು ಕೋಡಿನೊಡನೆ ನಾಲ್ಕು ಗೊರಸುಗಳನ್ನೂ ಎತ್ತಿ ನೋಡುವ ಪದ್ಧತಿಯನ್ನು ಗ್ರಾಮದ ಮುಖ್ಯಸ್ಥರು ಕೂಡಿಸಿದರೆ ಅನೇಕ ಎತ್ತುಗಳು ಬಿತ್ತಿಗೆಗೆ ಮೊದಲೇ ಚಿಕಿತ್ಸೆ ಪಡೆಯುವುವು. ಉಳಿದ ದಿನಗಳಲ್ಲಿ, ಸಂಜೆ ಜೋಡಿಗಳು ಊರಿಗೆ ಮರಳುವ ಹೊತ್ತಿನಲ್ಲಿ ಅಗಸೆಯ ಬಳಿ ಅರ್ಧ ಗಂಟೆ ನಿಂತು ಅವುಗಳ ತಲೆ, ಚಪ್ಪೆ, ಬೆನ್ನುಗಳನ್ನು ನೋಡಿದರೆ ಸಾಕು. ಯಾವ ಮನೆಯ ಎತ್ತಿಗೆ ನಾಳೆ ನೊಗ ಬೇಡವೆಂಬುದು ತಿಳಿಯುವುದು. ಎತ್ತಿಗೆ ತನ್ನ ನೋವನ್ನು ಹೇಳುವ ಬಾಯಿಯಿಲ್ಲ. ಹೆಜ್ಜೆಯೇ ಅದರ ಮಾತು. ಆ ಮಾತನ್ನು ಹೊತ್ತಿಗೆ ಸರಿಯಾಗಿ ಕೇಳಿದ ಒಕ್ಕಲಿಗನ ಹೊಲವು ಹದ ತಪ್ಪದೆ ಬಿತ್ತಲ್ಪಡುವುದು.